ಗಾಯದ ಬೆಲೆ ಕಟ್ಟುವವರು

ಬಲಗೈ ಮೊಣಕೈಯಿಂದ ಮೇಲಕ್ಕೆ ಹೋದರೆ ನೂರಕ್ಕೆ 70, ಎಡಗೈ ಹಾಗೆಯೇ ಹೋದರೆ 60, ಒಂದು ಕಣ್ಣು ಹೋದರೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10. ಇದು ಯಾವುದೋ ಶಕುನಶಾಸ್ತ್ರದ ಪಟ್ಟಿಯಲ್ಲ. 1923ನೆಯ ಇಸವಿಯಲ್ಲಿ ಬ್ರಿಟಿಷ್ ಇಂಡಿಯಾದ ಶಾಸನಸಭೆಯು ಅಂಗೀಕರಿಸಿದ ಕೆಲಸಗಾರರ ನಷ್ಟಪರಿಹಾರದ ಕಾಯಿದೆಗೆ ಸೇರಿಸಿದ ಮೊದಲನೆಯ ಅನುಬಂಧ. ಒಂದೊಂದು ಅಂಗವು ಹೋದರೆ ಮನುಷ್ಯನ ದುಡಿಯುವ ಶಕ್ತಿಯಲ್ಲಿ ಎಷ್ಟು ಪಾಲು ಹೋದಂತಾಯಿತೆಂದು ಅದು ಹೇಳುತ್ತಿದ್ದಿತು. ಲೆಕ್ಕಕ್ಕೆ ತಿಂಗಳಿಗೆ 30 ರೂಪಾಯಿ ಎಂದು ಹಿಡಿದ ಸಂಬಳದ ಕೆಲಸಗಾರನು ಪೂರ್ಣವಾಗಿ ಅಶಕ್ತನಾದರೆ ಅವನಿಗೆ 42 ತಿಂಗಳ ಸಂಬಳ, ಎಂದರೆ 1260 ರೂಪಾಯಿ ಸಲ್ಲಬೇಕು. ಹೆಬ್ಬೆರಳು ಮಾತ್ರ ಹೋದರೆ ಅದರ ಕಾಲುಪಾಲು, 315 ರೂಪಾಯಿ.

ಗುಣಾಕಾರ ಭಾಗಾಕಾರಗಳು ಇಷ್ಟು ಸುಲಭ. ಕಷ್ಟವಾದದ್ದು ಬೇರೆಯೊಂದಿದೆ. ಬೆರಳು ಕೆಲಸ ಮಾಡುತ್ತಿರುವಾಗಲೇ ಹೋಯಿತೆ, ಅಥವಾ ಮನೆಗೆ ಹೋದಮೇಲೆಯೆ? ಗಾಯಗೊಂಡವನು ಆ ಯಜಮಾನನ ಆಳೇ, ಅಥವಾ ಕಂತ್ರಾಟುದಾರನ ಆಳೆ? ಅವನ ನಿಜವಾದ ಸಂಬಳವೆಷ್ಟು? ಸತ್ತವನ ಹಣವು ಹೆಂಡತಿಗೆ ಸೇರಬೇಕೆ, ತಾಯಿಗೆ ಸೇರಬೇಕೆ? ಇವನ್ನೆಲ್ಲಾ ಒಬ್ಬರು ಕೂತು ವಿಚಾರಿಸಿ ತೀರ್ಮಾನಿಸಬೇಕು. ತಕ್ಕಡಿಯು ಎಷ್ಟೇ ಸರಿಯಾಗಿದ್ದರೂ ಅದನ್ನು ಹಿಡಿದ ಕೈ ಸರಿಯಾಗಿಲ್ಲದಿದ್ದರೆ ತೂಕವು ಸರಿಬಾರದು. ಆ ಕೈಯನ್ನು ಆರಿಸುವ ಪ್ರಶ್ನೆಯ ಚರಿತ್ರೆಯನ್ನು, ಕನ್ನಡನಾಡಿನ ವಾಯವ್ಯ ಮೂಲೆಯ ಐದು ಊರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು, ಇಲ್ಲಿ ನೋಡೋಣ.

ಆ ಐದು ಊರುಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ. ಇಂದು ಐದೂ ಬೆಳಗಾವಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಕೃಷ್ಣಾನದಿಯೂ ದೂಧಗಂಗಾ ವೇದಗಂಗೆಗಳೂ ಈ ಸೀಮೆಯನ್ನು ತೋಯಿಸುತ್ತವೆ. ಹೊಳೆಯ ದಂಡೆಯಲ್ಲಿ ಕಬ್ಬು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ. ನಿಪ್ಪಾಣಿಯಲ್ಲಿ ಹೊಗೆಸೊಪ್ಪಿನ ವಖಾರಿಗಳು, ಅವುಗಳ ಸುತ್ತ ಬೀಡಿ ಕಟ್ಟುವ ಮನೆಗಳು. ಅಥಣಿಯಲ್ಲಿ ಕೊಲ್ಹಾಪುರಿ ಎಂದು ಹೆಸರಾದ ಚರ್ಮದ ಚಪ್ಪಲಿಗಳನ್ನು ಹೊಲಿಯುವ ಕುಶಲಿಗಳು. ಮೀರಜದಿಂದ ಲೋಂಡಾದ ಕಡೆಗೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೇಲೆ ಹಾಯುವ ರೈಲುದಾರಿ. ಯಂತ್ರವೂ ಕೈಗೆಲಸವೂ ಬೇಸಾಯವೂ ಇಷ್ಟು ಹತ್ತಿರ ಹತ್ತಿರ ಕೂಡಿರುವ ಸೀಮೆಯಲ್ಲಿ ನಮ್ಮ ಪ್ರಶ್ನೆಯ ಎಲ್ಲ ಮುಖಗಳೂ ಕಾಣಸಿಗುತ್ತವೆ.

ಕಾಯಿದೆಗೆ ಮುಂಚೆ ಗಾಯಗೊಂಡ ಆಳಿನ ಗತಿಯೇನಾಗಿದ್ದಿತು? ಧಣಿಯು ದಯಾವಂತನಾದರೆ ಕೈಗೆ ಒಂದಿಷ್ಟು ಹಣವೂ ಮನೆಗೆ ನಾಲ್ಕು ಸೇರು ಜೋಳವೂ ಬರುತ್ತಿದ್ದವು; ಇಲ್ಲವಾದರೆ ಅದೂ ಇಲ್ಲ. 1855ನೆಯ ಇಸವಿಯ ಒಂದು ಕಾಯಿದೆಯ ಪ್ರಕಾರ, ಇನ್ನೊಬ್ಬರ ತಪ್ಪಿನಿಂದ ಮನುಷ್ಯನು ಸತ್ತರೆ ಅವನ ಹತ್ತಿರದ ಬಂಧುಗಳು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದಾಗಿದ್ದಿತು. ಆದರೆ ಧಣಿಯ ತಪ್ಪನ್ನು ರುಜುವಾತು ಮಾಡುವ ಭಾರವು ವಿಧವೆಯ ಮೇಲೆಯೇ ಇದ್ದಿತು. ಸಾಕ್ಷಿ ಹೇಳಬೇಕಾದವರು ಅದೇ ಧಣಿಯ ಕೈಕೆಳಗೆ ದುಡಿಯುವವರು. ಕೋರ್ಟಿನ ಮೆಟ್ಟಿಲು ಹತ್ತುವ ಧೈರ್ಯವೂ ಹಣವೂ ಆಕೆಗೆ ಎಲ್ಲಿಂದ ಬರಬೇಕು?

ಇಂಗ್ಲೆಂಡಿನಲ್ಲಿಯೂ ಸ್ಥಿತಿಯು ಇದಕ್ಕಿಂತ ಮೇಲಾಗಿರಲಿಲ್ಲ. ಅಲ್ಲಿನ ಒಬ್ಬ ಮಾಂಸದ ವ್ಯಾಪಾರಿಯ ಆಳು, ಮಿತಿಮೀರಿ ಹೇರಿದ ಗಾಡಿಯು ಮುರಿದು ತೊಡೆಯ ಎಲುಬನ್ನು ಮುರಿದುಕೊಂಡನು. ‘ಪ್ರೀಸ್ಟ್‌ಲಿ ವಿರುದ್ಧ ಫೌಲರ್’ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1837ರಲ್ಲಿ ನ್ಯಾಯಾಧೀಶರು ಧಣಿಯು ಹೊಣೆಗಾರನಲ್ಲವೆಂದರು. ಕೆಲಸಕ್ಕೆ ಸೇರುವವನು ಅದರ ಅಪಾಯವನ್ನೂ, ಜೊತೆಯ ಆಳುಗಳ ತಪ್ಪನ್ನೂ ತಾನೇ ಒಪ್ಪಿಕೊಂಡಂತೆ ಎಂಬ ವಾದವು ಅಲ್ಲಿಂದ ಬೆಳೆದು, ಬಹುಕಾಲ ಕೂಲಿಗಾರರ ದಾರಿಗೆ ಅಡ್ಡವಾಗಿ ನಿಂತಿತು.

ಈ ಅಡ್ಡಿಯನ್ನು ದಾಟಲು ಬೇರೆ ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, 1884ರಲ್ಲಿ, ಅಪಘಾತ ವಿಮೆಯ ಶಾಸನವಾಯಿತು. ಒಂದೊಂದು ಉದ್ಯಮದ ಧಣಿಗಳೂ ಕೂಡಿ ಸಂಘ ಕಟ್ಟಿಕೊಂಡು, ಒಟ್ಟು ನಿಧಿಯಿಂದ ಪರಿಹಾರ ಕೊಡಬೇಕೆಂದು ಅಲ್ಲಿ ವಿಧಿಸಿದರು. ಇಂಗ್ಲೆಂಡಿನ 1897ರ ಕಾಯಿದೆಯು ಯಾರ ತಪ್ಪೆಂದು ಕೇಳದೆ ಧಣಿಯೇ ಹಣ ಕೊಡಬೇಕೆಂದಿತು. ವಿವಾದ ಬಂದರೆ ಪಂಚಾಯಿತಿಗೋ ಕೌಂಟಿ ಕೋರ್ಟಿನ ನ್ಯಾಯಾಧೀಶರಿಗೋ ಒಪ್ಪಿಸಬೇಕೆಂದಿತು. ಧಣಿಗಳು ವಿಮೆಯ ಕಂಪನಿಗಳನ್ನು ಮರೆಹೊಕ್ಕರು. ಗಾಯಾಳುವಿನ ಎದುರಿಗೆ ಈಗ ಕಂಪನಿಯ ವಕೀಲನು ನಿಂತನು. ಅಮೆರಿಕದಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು 1911ರಲ್ಲಿ ಇಂಥ ಶಾಸನವನ್ನು ಮಾಡಿತು. ಉಳಿದವು ಒಂದೊಂದಾಗಿ ಹಿಂಬಾಲಿಸಿದವು. ಇಂದು ಅಲ್ಲಿನ ಅನೇಕ ನಗರಗಳ ಆಡಳಿತಗಳು ವಿಮೆಯನ್ನು ಕೊಳ್ಳದೆ ತಮ್ಮ ನೌಕರರ ಹೊಣೆಯನ್ನು ತಾವೇ ಹೊತ್ತು, ಅರ್ಜಿಗಳನ್ನು ಪರೀಕ್ಷಿಸುವ ಕೆಲಸವನ್ನು ಮಾತ್ರ ಟೆಂಡರು ಕರೆದು ಹೊರಗಿನ ಆಡಳಿತಗಾರರಿಗೆ ವಹಿಸಿಕೊಡುತ್ತವೆ. ಯಾರು ಕಡಿಮೆ ದರಕ್ಕೆ ಮಾಡುವರೆಂದು ನೋಡಬೇಕೆ, ಯಾರು ನ್ಯಾಯವಾಗಿ ಬೇಗನೆ ಮಾಡುವರೆಂದು ನೋಡಬೇಕೆ ಎಂಬುದೇ ಆಗ ಮುಖ್ಯ ಪ್ರಶ್ನೆಯಾಗುತ್ತದೆ.

ಹಿಂದೂಸ್ಥಾನವು ಆರಿಸಿಕೊಂಡ ದಾರಿಯು ಇವೆಲ್ಲಕ್ಕಿಂತ ಬೇರೆಯಾಗಿದ್ದಿತು. ಮೊದಲನೆಯ ಮಹಾಯುದ್ಧದ ಬಳಿಕ ಗಿರಣಿಗಳಲ್ಲಿ ಅಶಾಂತಿಯು ಹೆಚ್ಚಿತು, 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಹುಟ್ಟಿತು, ಎನ್. ಎಂ. ಜೋಶಿಯವರಂಥವರು ಕೇಂದ್ರ ಶಾಸನಸಭೆಯಲ್ಲಿ ಕೂಲಿಗಾರರ ಪರವಾಗಿ ಮಾತನಾಡತೊಡಗಿದರು. 1923ರಲ್ಲಿ ಕಾಯಿದೆಯಾಗಿ, 1924ನೆಯ ಜುಲೈ 1ರಿಂದ ಅದು ಜಾರಿಗೆ ಬಂದಿತು. ಧಣಿಗಳ ಸಂಘವನ್ನೂ ಸಾಮಾನ್ಯ ಕೋರ್ಟನ್ನೂ ಬಿಟ್ಟು, ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ‘ಕಮಿಷನರ’ನನ್ನು ಸರ್ಕಾರವೇ ನೇಮಿಸಬೇಕೆಂದು ಕಾಯಿದೆಯು ಹೇಳಿತು. ಅವನ ಮುಂದೆ ಬರತಕ್ಕ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿರಲಿಲ್ಲ. ಹೈಕೋರ್ಟಿಗೆ ಅಪೀಲು ಹೋಗಬೇಕಾದರೂ ಕಾನೂನಿನ ಮುಖ್ಯ ಪ್ರಶ್ನೆಯೊಂದು ಇರಲೇಬೇಕಾಗಿದ್ದಿತು. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಕೂಲಿಗಾರನಿಂದ ಬರೆಯಿಸಿಕೊಂಡ ಕರಾರು ನಿರರ್ಥಕವೆಂದೂ ಸಾರಲಾಯಿತು.

ಈ ಕಾಯಿದೆಯಲ್ಲಿ ಕಣ್ಣಿಗೆ ಬೀಳದಿದ್ದರೂ ಬಹಳ ಬೆಲೆಯುಳ್ಳ ಕಲಮು ಒಂದಿದ್ದಿತು. ಕೆಲಸಗಾರನು ಸತ್ತರೆ ಪರಿಹಾರದ ಹಣವನ್ನು ಧಣಿಯು ಕಮಿಷನರನಲ್ಲಿ ಠೇವಣಿ ಇಡತಕ್ಕುದು. ನೇರವಾಗಿ ಮನೆಯವರ ಕೈಗೆ ಕೊಟ್ಟದ್ದು ಪರಿಹಾರವನ್ನು ಸಲ್ಲಿಸಿದಂತೆ ಅಲ್ಲ. ಹೀಗೇಕೆ? ದುಃಖದಲ್ಲಿ ಮುಳುಗಿದ ಹೆಂಗಸಿನ ಮುಂದೆ ಐವತ್ತು ರೂಪಾಯಿ ಇಟ್ಟು, ಓದಲು ಬಾರದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಲೆಕ್ಕ ತೀರಿತೆಂದು ಹೇಳುವುದು ಎಷ್ಟು ಸುಲಭವೆಂದು ಶಾಸನ ಬರೆದವರು ಬಲ್ಲರು. ದೊಡ್ಡ ಹಣವು ಒಮ್ಮೆಗೆ ಬಂದರೆ ಮೈದುನನೂ ಸಾಹುಕಾರನೂ ಬಾಗಿಲಲ್ಲಿ ನಿಲ್ಲುವರೆಂಬುದನ್ನೂ ಬಲ್ಲರು. ಆದುದರಿಂದ ಹಣವನ್ನು ಹಂಚುವುದೂ, ಮಕ್ಕಳ ಪಾಲನ್ನು ಕಾದಿಡುವುದೂ ಕಮಿಷನರನ ಕೆಲಸವೆಂದಾಯಿತು. ವಿಟ್ಲೀ ಆಯೋಗವೆಂದು ಹೆಸರಾದ ಕಾರ್ಮಿಕ ಆಯೋಗವು 1931ರಲ್ಲಿ ವರದಿ ಮಾಡಿದ ಮೇಲೆ, 1933ರ ತಿದ್ದುಪಡಿಯಲ್ಲಿ ಇನ್ನೊಂದು ಅಧಿಕಾರವೂ ಸೇರಿತು: ಯಾವನಾದರೂ ಕೆಲಸಗಾರನು ಅಪಘಾತದಿಂದ ಸತ್ತನೆಂದು ತಿಳಿದುಬಂದರೆ, ಅರ್ಜಿಯು ಬರುವುದನ್ನು ಕಾಯದೆ ಕಮಿಷನರನು ತಾನಾಗಿಯೇ ಧಣಿಯಿಂದ ಹೇಳಿಕೆಯನ್ನು ಕೇಳಬಹುದು. ಬರಿಯ ತೀರ್ಪು ಹೇಳುವವನಾಗಿ ಕೂರದೆ ಬಡವನ ಬಾಗಿಲಿಗೆ ತಾನೇ ಬರುವ ಅಧಿಕಾರಿಯನ್ನು ಶಾಸನವು ಬಯಸಿತೆಂದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ಐದು ಊರುಗಳಿಗೆ ಬರೋಣ. ಕಾಯಿದೆಯು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿದ್ದಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ಕೊಲ್ಹಾಪುರದ ಮಹಾರಾಜರ ಸಂಸ್ಥಾನಕ್ಕೆ ಸೇರಿದ್ದಿತು. ಇಂದಿನ ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆಯು ಹುಟ್ಟಿದ್ದು ಸಾಂಗಲಿ ಸಂಸ್ಥಾನದ ಆಶ್ರಯದಲ್ಲಿ. ಹೀಗೆ ಒಂದೇ ಹೊಳೆಯ ನೀರು ಕುಡಿದು, ಒಂದೇ ಸಂತೆಗೆ ಹೋಗುವ ಜನರು ಬೇರೆ ಬೇರೆ ಆಡಳಿತಗಳ ಪ್ರಜೆಗಳಾಗಿದ್ದರು. ಬ್ರಿಟಿಷ್ ಸೀಮೆಯಲ್ಲಿ ಬೆರಳು ಕಳೆದುಕೊಂಡವನಿಗೆ ಒಂದು ಹಕ್ಕಿದ್ದಿತು. ಗಡಿಯ ಕಲ್ಲಿನ ಆಚೆಗೆ ಅದೇ ಗಾಯವಾದರೆ, ಆ ಸಂಸ್ಥಾನವು ತಾನೇ ಅಂಥ ಶಾಸನವನ್ನು ಮಾಡಿದ್ದರೆ ಉಂಟು, ಇಲ್ಲವಾದರೆ ಇಲ್ಲ. 1948ನೆಯ ಮಾರ್ಚಿಯಲ್ಲಿ ಸಾಂಗಲಿಯೇ ಮೊದಲಾದ ದಖ್ಖಣದ ಸಂಸ್ಥಾನಗಳೂ, 1949ನೆಯ ಮಾರ್ಚಿಯಲ್ಲಿ ಕೊಲ್ಹಾಪುರವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ನೆಯ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಕಲ್ಲುಗಳು ಹೋದವು. ಹಕ್ಕು ಒಂದೇ ಆಯಿತು.

ಹಕ್ಕು ಒಂದಾದರೂ ಎಲ್ಲರ ಕೈಗೂ ಎಟುಕಲಿಲ್ಲ. ಸಕ್ಕರೆಯ ಸೀಮೆಯ ಉದಾಹರಣೆಯನ್ನೇ ನೋಡಿರಿ. 1948ರಲ್ಲಿ ನೌಕರರ ರಾಜ್ಯ ವಿಮೆಯ ಕಾಯಿದೆಯಾಯಿತು. ಅದು ಅನ್ವಯಿಸುವ ಕಾರ್ಖಾನೆಗಳಲ್ಲಿ ಗಾಯಾಳುವಿಗೆ ಧಣಿಯ ಬದಲು ವಿಮಾ ನಿಗಮವೇ ಹಣ ಕೊಡುತ್ತಿದ್ದಿತು. ಆದರೆ ವರ್ಷದ ಕೆಲವು ತಿಂಗಳು ಮಾತ್ರ ನಡೆಯುವ ಹಂಗಾಮಿನ ಕಾರ್ಖಾನೆಗಳನ್ನು ಆ ಕಾಯಿದೆಯು ಹೊರಗಿಟ್ಟಿತು. ಸಕ್ಕರೆ, ಬೆಲ್ಲಗಳ ತಯಾರಿಕೆಯು ಆ ಪಟ್ಟಿಯಲ್ಲಿ ಸೇರಿದ್ದಿತು. ಹೀಗಾಗಿ ಕೃಷ್ಣೆಯ ದಂಡೆಯ ಗಾಣದ ಕೆಲಸಗಾರನಿಗೆ 1923ರ ಹಳೆಯ ಕಾಯಿದೆಯೇ ಆಸರೆಯಾಗಿ ಉಳಿಯಿತು. ಇನ್ನು ಕಬ್ಬು ಕಡಿಯುವವರು. ಅವರನ್ನು ಕರೆತರುವವನು ಮುಕ್ಕಾದಮನು. ಕಡಿಸಿ ಸಾಗಿಸಿಕೊಳ್ಳುವುದು ಕಾರ್ಖಾನೆ. ಕಾಯಿದೆಯ ಹನ್ನೆರಡನೆಯ ಕಲಮು ಇಂಥ ಸಂಗತಿಯನ್ನು ಕಂಡಿದ್ದಿತು: ತನ್ನ ವ್ಯವಹಾರದ ಕೆಲಸವನ್ನು ಕಂತ್ರಾಟಿಗೆ ಕೊಟ್ಟವನು ಕಂತ್ರಾಟುದಾರನ ಆಳುಗಳಿಗೂ ಪರಿಹಾರ ಕೊಡತಕ್ಕುದು, ಆಮೇಲೆ ಅದನ್ನು ಕಂತ್ರಾಟುದಾರನಿಂದ ವಸೂಲು ಮಾಡಿಕೊಳ್ಳಬಹುದು. ನಿಯಮವು ಒಳ್ಳೆಯದು. ಆದರೆ ಗಾಯಾಳುವು ಇಂಥ ಕಾರ್ಖಾನೆಯ ಕೆಲಸದಲ್ಲಿದ್ದನೆಂದು ತೋರಿಸುವ ಕಾಗದವಾದರೂ ಎಲ್ಲಿ? ಮುಕ್ಕಾದಮನ ಚೀಟಿಯನ್ನೂ ಜೊತೆಯವರ ಮಾತನ್ನೂ ನಂಬಿ ವಿಚಾರಿಸಬಲ್ಲ ಅಧಿಕಾರಿಯಿದ್ದರೆ ನಿಯಮಕ್ಕೆ ಜೀವ ಬರುವುದು. ಮುದ್ರೆಯೊತ್ತಿದ ಹಾಜರಿ ಪುಸ್ತಕವೇ ಬೇಕೆನ್ನುವ ಅಧಿಕಾರಿಯಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುವುದು.

ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸಿಗೆ ಅಷ್ಟೂ ಇರಲಿಲ್ಲ. ಆಕೆಯ ಕೈಯಲ್ಲಿ ಯಂತ್ರವಿಲ್ಲ. ಎಲೆ, ಕತ್ತರಿ, ದಾರ, ಸೊಪ್ಪಿನ ಪುಡಿ ಇಷ್ಟೇ. ಯಂತ್ರಶಕ್ತಿಯ ಕಾರ್ಖಾನೆ, ರೈಲು, ಗಣಿ ಇಂಥ ಅಪಾಯದ ಕೆಲಸಗಳನ್ನು ಎಣಿಸಿ ಬರೆದ ಪಟ್ಟಿಯಲ್ಲಿ ಮನೆಯ ಜಗುಲಿಗೆ ಜಾಗವಿರಲಿಲ್ಲ. ಆಕೆಗೆ ಬರುವ ಕೆಡುಕು ಒಂದು ಗಳಿಗೆಯ ಅಪಘಾತವೂ ಅಲ್ಲ. ವರ್ಷಗಟ್ಟಲೆ ಧೂಳು ಕುಡಿದ ಎದೆಯ ಕೆಮ್ಮು. ವೃತ್ತಿಯಿಂದ ಬರುವ ರೋಗಗಳನ್ನು ಕಾಯಿದೆಯು ಗಣನೆಗೆ ತಂದುಕೊಂಡಿತಾದರೂ, ಮೊದಲಿಗೆ ಹೆಸರಿಸಿದ್ದು ಸೀಸದ ವಿಷ, ರಂಜಕದ ವಿಷ, ಆಂಥ್ರಾಕ್ಸ್ ಎಂಬ ಜ್ವರ ಇವನ್ನೇ. ಆಂಥ್ರಾಕ್ಸ್ ಎಂಬುದು ಉಣ್ಣೆ, ಚರ್ಮ, ಗೊರಸುಗಳನ್ನು ಮುಟ್ಟಿ ದುಡಿಯುವವರಿಗೆ ಅಂಟುವ ರೋಗ. ಹಾಗಾದರೆ ಅಥಣಿಯಲ್ಲಿ ಹದಮಾಡಿದ ಚರ್ಮವನ್ನು ಕೊಯ್ದು ಹೊಲಿಯುವವನಿಗೆ ಇದರಿಂದ ರಕ್ಷಣೆಯಾಯಿತೆ? ಅವನು ತನ್ನ ಮನೆಯಲ್ಲಿ ತಾನೇ ಯಜಮಾನ, ತಾನೇ ಆಳು. ಪರಿಹಾರವನ್ನು ಕೇಳಲು ಎದುರಿಗೆ ಯಾರೂ ಇಲ್ಲ. ಬೀಡಿ ಕೆಲಸಗಾರರಿಗೆ ಪ್ರತ್ಯೇಕವಾದ ಶಾಸನವು 1966ರಲ್ಲಿಯೂ, ಕ್ಷೇಮನಿಧಿಯ ಶಾಸನವು 1976ರಲ್ಲಿಯೂ ಬಂದವು. ಅಷ್ಟರೊಳಗೆ ಒಂದು ತಲೆಮಾರಿನ ಎದೆಗಳು ಸವೆದುಹೋಗಿದ್ದವು.

ಇನ್ನು ಪಟ್ಟಣದ ಆಡಳಿತದ ವಿಷಯ. ಪುರಸಭೆಯು ವ್ಯಾಪಾರ ಮಾಡುವುದಿಲ್ಲ, ಲಾಭ ಗಳಿಸುವುದಿಲ್ಲ. ಅದು ಜನರ ಸೇವೆಯನ್ನು ಮಾಡುತ್ತದೆ. ಆದುದರಿಂದ ಅದು ಧಣಿಯೇ ಅಲ್ಲವೆಂದು ಯಾರಾದರೂ ವಾದಿಸಬಹುದಾಗಿದ್ದಿತು. ಕಾಯಿದೆಯು ಆ ಬಾಗಿಲನ್ನು ಮೊದಲೇ ಮುಚ್ಚಿತು. ಸ್ಥಳೀಯ ಸಂಸ್ಥೆಯು ತನ್ನ ಅಧಿಕಾರ ಕರ್ತವ್ಯಗಳನ್ನು ನಡೆಸುವುದನ್ನೇ ಅದರ ವ್ಯಾಪಾರವೆಂದು ಭಾವಿಸತಕ್ಕುದೆಂದು ಬರೆಯಿತು. ನೆಲದಡಿಯ ಚರಂಡಿಯ ಕೆಲಸದವರೂ ಅಗ್ನಿಶಾಮಕ ದಳದವರೂ ಕಾಯಿದೆಯ ಪಟ್ಟಿಯಲ್ಲಿ ಸೇರಿದರು. ಬೀದಿ ಗುಡಿಸುವವನು, ನೀರಿನ ತೊಟ್ಟಿಯನ್ನು ತೊಳೆಯುವವನು, ದೀಪದ ಕಂಬವನ್ನು ಹತ್ತುವವನು—ಇವರ ಕೆಲಸವನ್ನು ಕಂತ್ರಾಟಿಗೆ ಕೊಟ್ಟ ಮಾತ್ರಕ್ಕೆ ಪುರಸಭೆಯ ಹೊಣೆಯು ತಪ್ಪುವಂತಿರಲಿಲ್ಲ.

ಆದರೂ ಪುರಸಭೆಗೆ ಉಳಿದ ಧಣಿಗಳಿಗಿಲ್ಲದ ಒಂದು ಇಕ್ಕಟ್ಟುಂಟು. ಗಾಯಾಳುವಿಗೆ ಅದು ಕೊಡುವ ಹಣವು ಊರಿನವರ ತೆರಿಗೆಯ ಹಣ. ಹಣ ಉಳಿಸುವುದೂ ಅದರ ಧರ್ಮ. ತನ್ನ ಆಳನ್ನು ಕಾಯುವುದೂ ಅದರ ಧರ್ಮ. ಅರ್ಜಿಯನ್ನು ಮೊದಲು ನೋಡುವವನು ಪುರಸಭೆಯದೇ ಸಂಬಳ ತಿನ್ನುವ ಅಧಿಕಾರಿ. ತಾನೇ ಪ್ರತಿವಾದಿ, ತಾನೇ ಪಂಚ ಎಂಬಂತಾದರೆ ನ್ಯಾಯವೆಲ್ಲಿ? ಅದಕ್ಕಾಗಿಯೇ ಕೊನೆಯ ತೀರ್ಮಾನವನ್ನು ಹೊರಗಿನವನೊಬ್ಬನಿಗೆ ಒಪ್ಪಿಸಿದ್ದು. ಅದು ಸಾಲದಾದಾಗ ಏನಾಗುವುದೆಂಬುದನ್ನೂ ಕಂಡಿದ್ದೇವೆ. ಮಲಗುಂಡಿಗೂ ಚರಂಡಿಗೂ ಇಳಿದು ಉಸಿರುಕಟ್ಟಿ ಸತ್ತವರ ಮನೆಯವರು ಕಂತ್ರಾಟುದಾರನ ಬಾಗಿಲಿಗೂ ಕಚೇರಿಯ ಬಾಗಿಲಿಗೂ ಅಲೆದರು. 1993ರಿಂದ ಹಾಗೆ ಸತ್ತ ಒಬ್ಬೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞಾಪಿಸಿತು; 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಊರಿನ ಮಟ್ಟದಲ್ಲಿ ತೀರಬೇಕಾದ ಲೆಕ್ಕವು ದೇಶದ ಅತ್ಯುನ್ನತ ನ್ಯಾಯಾಸನದವರೆಗೆ ಹೋಗಬೇಕಾಯಿತು.

ಹಾಗಾದರೆ ತೀರ್ಮಾನಿಸುವವನು ಎಂಥವನಾಗಿರಬೇಕು? ಕರ್ನಾಟಕದಲ್ಲಿ ಬಹುಕಾಲ ಕಾರ್ಮಿಕ ಇಲಾಖೆಯ ಅಧಿಕಾರಿಗಳೇ ಕಮಿಷನರರಾಗಿದ್ದರು. ಗಿರಣಿಯ ಒಳಹೊರಗುಗಳನ್ನು ಬಲ್ಲವರು, ಕೂಲಿಗಾರರಿಗೆ ಪರಿಚಿತರು ಎಂಬ ಅನುಕೂಲವು ಅದರಲ್ಲಿದ್ದಿತು. ಬೇರೆ ಹತ್ತು ಕೆಲಸಗಳ ನಡುವೆ ಇದು ಹನ್ನೊಂದನೆಯದು ಎಂಬ ಅನನುಕೂಲವೂ ಇದ್ದಿತು. ಆಮೇಲೆ ಈ ಅಧಿಕಾರವನ್ನು ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ವಹಿಸಲಾಯಿತು. ಪಕ್ಷಪಾತದ ಶಂಕೆಯು ಇದರಿಂದ ಕಡಿಮೆಯಾಯಿತು. ಕೋರ್ಟಿನ ಕ್ರಮ, ವಾಯಿದೆ, ವಕೀಲರ ಖರ್ಚು ಇವೂ ಜೊತೆಗೆ ಬಂದವು. 2009ರ ತಿದ್ದುಪಡಿಯು ಕಮಿಷನರನಿಗೆ ಯೋಗ್ಯತೆಗಳನ್ನು ಗೊತ್ತುಮಾಡಿತು: ಐದು ವರ್ಷ ನ್ಯಾಯಾಂಗದಲ್ಲಿಯೋ ವಕೀಲಿಯಲ್ಲಿಯೋ ಇದ್ದವನು, ಅಥವಾ ಐದು ವರ್ಷ ಗೆಜೆಟೆಡ್ ಹುದ್ದೆಯಲ್ಲಿದ್ದು ಕಾರ್ಮಿಕ ಸಂಬಂಧಗಳ ಶಿಕ್ಷಣವನ್ನೂ ಅನುಭವವನ್ನೂ ಪಡೆದವನು ಆಗಿರಬೇಕು, ಮೂರು ತಿಂಗಳೊಳಗೆ ತೀರ್ಮಾನಿಸಬೇಕು. 2025ನೆಯ ನವೆಂಬರ್ 21ರಂದು ಸಾಮಾಜಿಕ ಭದ್ರತೆಯ ಸಂಹಿತೆಯು ಜಾರಿಗೆ ಬಂದು, ಹಳೆಯ ಕಾಯಿದೆಯು ಅದರಲ್ಲಿ ಲೀನವಾಯಿತು. ಕಮಿಷನರನ ಹೆಸರು ಹೋಗಿ ‘ಸಕ್ಷಮ ಪ್ರಾಧಿಕಾರಿ’ ಎಂಬ ಹೆಸರು ಬಂದಿದೆ. ಹೆಸರು ಬದಲಾಯಿತು, ಪ್ರಶ್ನೆಯು ಬದಲಾಗಲಿಲ್ಲ.

ಉತ್ತರವನ್ನು ಹುಡುಕುವವರಿಗೆ ಒರಿಸ್ಸಾದ ಒಬ್ಬ ಬಡಗಿಯ ಸಂಗತಿಯು ದಾರಿ ತೋರಿಸುತ್ತದೆ. ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಬಿದ್ದು, ಅವನ ಎಡಗೈಯನ್ನು ಮೊಣಕೈಯಿಂದ ಮೇಲೆ ಕತ್ತರಿಸಬೇಕಾಯಿತು. ಪಟ್ಟಿಯನ್ನು ಮಾತ್ರ ನೋಡುವವನು ಅವನಿಗೆ ಸಲ್ಲತಕ್ಕದ್ದರಲ್ಲಿ ಒಂದು ಪಾಲನ್ನು ಕೊಟ್ಟು ಕಳುಹಿಸಿಬಿಡುತ್ತಿದ್ದನು. ಅಲ್ಲಿನ ಕಮಿಷನರರು ಪಟ್ಟಿಯ ಜೊತೆಗೆ ಮನುಷ್ಯನನ್ನೂ ನೋಡಿದರು: ಒಂದು ಕೈಯಿಂದ ಬಡಗಿತನ ನಡೆಯದು; ಆದುದರಿಂದ ಇವನ ನಷ್ಟವು ಪೂರ್ಣ ನಷ್ಟ ಎಂದು ಬರೆದರು. 1975ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಮಾನವನ್ನು ಎತ್ತಿಹಿಡಿಯಿತು. ಪರಿಹಾರವು ಅಪಘಾತವಾದ ದಿನದಿಂದಲೇ ಸಲ್ಲತಕ್ಕದ್ದೆಂದೂ, ತಡಮಾಡಿದ ಧಣಿಯು ದಂಡಕ್ಕೂ ಬಡ್ಡಿಗೂ ಗುರಿಯಾಗುವನೆಂದೂ ಹೇಳಿತು.

ಈ ನೂರು ವರ್ಷಗಳ ಚರಿತ್ರೆಯಿಂದ, ಪಟ್ಟಣದ ಆಡಳಿತವನ್ನು ನಡೆಸುವ ಮಹಾಜನರು ಕಲಿಯಬೇಕಾದುದು ಇಷ್ಟು. ಅರ್ಜಿಗಳನ್ನು ನೋಡಲು ಮನುಷ್ಯನನ್ನಾಗಲಿ ಸಂಸ್ಥೆಯನ್ನಾಗಲಿ ಆರಿಸುವಾಗ, ಎಷ್ಟು ಉಳಿಸಿಕೊಟ್ಟನೆಂದು ಮೊದಲು ಕೇಳಬಾರದು. ಹಣ ಕೊಡುವವನ ಹಂಗಿನಲ್ಲಿ ಅವನಿದ್ದಾನೆಯೆ, ಕೆಲಸದ ಸ್ವರೂಪವನ್ನು ಬಲ್ಲನೆ, ಓದು ಬಾರದವರ ಮಾತನ್ನು ಅವರ ನುಡಿಯಲ್ಲಿಯೇ ಕೇಳಿ ತಿಳಿಯಬಲ್ಲನೆ, ಗೊತ್ತಾದ ದಿನದೊಳಗೆ ಲೆಕ್ಕವನ್ನು ತೀರಿಸುವನೆ ಎಂದು ಕೇಳಬೇಕು. ಕನ್ನಡವೂ ಮರಾಠಿಯೂ ಕೂಡಿ ಹರಿಯುವ ಚಿಕ್ಕೋಡಿ ನಿಪ್ಪಾಣಿಗಳ ಸೀಮೆಯಲ್ಲಿ ನುಡಿಯ ಮಾತು ಇನ್ನೂ ದೊಡ್ಡದು. ತನ್ನ ಗಾಯದ ಕಥೆಯನ್ನು ತನಗೆ ತಿಳಿಯದ ಭಾಷೆಯಲ್ಲಿ ಬರೆಯಿಸಿಕೊಂಡವನು ಅರ್ಧ ಸೋತಂತೆಯೇ.

ಕಬ್ಬಿನ ಹಂಗಾಮು ಪ್ರತಿವರ್ಷವೂ ಬರುತ್ತದೆ. ನೊಗ ತಿರುಗುತ್ತಿದ್ದ ಗಾಣದ ಜಾಗದಲ್ಲಿ ಉಕ್ಕಿನ ಗಾಣ ಬಂದಿದೆ. ಎತ್ತಿನ ಗಾಡಿಯ ಜಾಗದಲ್ಲಿ ಎರಡೆರಡು ಟ್ರೇಲರು ಕಟ್ಟಿದ ಟ್ರಾಕ್ಟರು ಬಂದಿದೆ. ಬೆರಳು ಮಾತ್ರ ಅಂದಿನ ಬೆರಳೇ. ಅದು ಹೋದ ದಿನ, ಅದರ ಲೆಕ್ಕವನ್ನು ಬರೆಯಲು ಕೂರುವವನು ಯಾರೆಂಬುದನ್ನು ಗಾಯವಾಗುವುದಕ್ಕೆ ಮುಂಚೆಯೇ ಯೋಚಿಸಿ ಗೊತ್ತುಮಾಡಿಟ್ಟ ಊರೇ ತನ್ನ ದುಡಿಯುವ ಮಕ್ಕಳ ಋಣವನ್ನು ಅರಿತ ಊರು.